ಬರೀ ಹೆಸರಿನ ಪಟ್ಟಿ

ದೊಡ್ಡ ಲೆಡ್ಜರ್ ಪುಸ್ತಕದ ಮೊದಲ ಪುಟಗಳಲ್ಲಿ ಒಂದು ಸೂಚಿ ಇರುತ್ತದೆ. ಯಾರ ಖಾತೆ ಯಾವ ಪುಟದಲ್ಲಿದೆ ಎಂಬುದಷ್ಟೇ ಅದರಲ್ಲಿ. ಒಂದು ರೂಪಾಯಿಯ ಲೆಕ್ಕವೂ ಇಲ್ಲ. ಕಂಪ್ಯೂಟರಿನ ಅಂಥದೇ ಒಂದು ಸೂಚಿಯ ಬಗ್ಗೆ ಈ ಸಲ ಬರೆಯುತ್ತಿದ್ದೇನೆ.

ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿಯಂಥ ಎಐ ಸಹಾಯಕಗಳಿಗೆ ನಮ್ಮ ಕಂಪ್ಯೂಟರಿನ ಒಳಗಿರುವುದು ತಾನಾಗಿ ಕಾಣುವುದಿಲ್ಲ. ನಡುವೆ ಒಂದು ಸಣ್ಣ ಪ್ರೋಗ್ರಾಂ ಬೇಕು. ಅದು ಸಹಾಯಕದ ಜೊತೆ ಹೇಗೆ ಮಾತಾಡಬೇಕು ಎಂಬುದಕ್ಕೆ ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಒಂದು ಮುಕ್ತ ನಿಯಮಾವಳಿ ಹೊರತಂದಿತು. ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಚಿಕ್ಕದಾಗಿ ಎಂಸಿಪಿ. ಪ್ರೋಗ್ರಾಂ ಮೊದಲು ತನ್ನ ಬಳಿ ಯಾವ ಯಾವ ಉಪಕರಣಗಳಿವೆ ಎಂದು ತಿಳಿಸುತ್ತದೆ. ಸಹಾಯಕ ಅದರಲ್ಲಿ ಬೇಕಾದ್ದನ್ನು ಕೇಳುತ್ತದೆ. ಇಮೇಲ್ ಮತ್ತು ಕ್ಯಾಲೆಂಡರ್ ಖಾತೆಗಳ ಪಟ್ಟಿ ಕೊಡುವುದು ಅಂಥ ಒಂದು ಉಪಕರಣ. ಖಾತೆಯ ಹೆಸರು, ವಿಳಾಸ, ಬಗೆ, ಕ್ಯಾಲೆಂಡರಿನ ಹೆಸರು ಬರುತ್ತವೆ. ಪಾಸ್‌ವರ್ಡ್ ಬರುವುದಿಲ್ಲ, ಪತ್ರಗಳೂ ಬರುವುದಿಲ್ಲ.

ಇದು ಯಾಕೆ ಬೇಕು? ರೋಣದಲ್ಲಿ ನನ್ನ ಮಾಮೂ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದಾರೆ. ಅವರವೇ ಮೂರು ಇಮೇಲ್: ಅಂಗಡಿಯದು, ಜಿಎಸ್‌ಟಿಗೆ ಕೊಟ್ಟದ್ದು, ಮನೆಯದು. 'ಆಡಿಟರ್‌ಗೆ ಬಿಲ್ ಕಳಿಸು' ಎಂದರೆ ಯಾವ ವಿಳಾಸದಿಂದ ಎಂಬುದು ಸಹಾಯಕಕ್ಕೆ ಗೊತ್ತಿರಬೇಕು. ಊಹಿಸಿದರೆ ಬಿಲ್ಲು ಮನೆಯ ವಿಳಾಸದಿಂದ ಹೋಗುತ್ತದೆ. ಮೊದಲು ಪಟ್ಟಿ, ಆಮೇಲೆ ಆಯ್ಕೆ: ಕ್ರಮವೇನೋ ಸರಿಯಾಗಿದೆ.

ರಜೆಯಲ್ಲಿ ನಾನೇ ಕೂತು ಇದನ್ನು ಅಂಗಡಿಯ ಥಂಡರ್‌ಬರ್ಡ್‌ಗೆ ಜೋಡಿಸಿದೆ. ಪಟ್ಟಿ ಕೇಳಿದೆ. ಮೂರು ಬರಬೇಕಾದಲ್ಲಿ ಹದಿನಾಲ್ಕು ಖಾತೆ ಬಂದವು! ನಿತ್ಯದ ಗಿರಾಕಿಗಳ ಮೇಲ್ ಪದೇ ಪದೇ ತೆರೆಯುವುದು ತಡವೆಂದು ಮಾಮೂ ಅವನ್ನೂ ಅಲ್ಲೇ ಹಾಕಿಟ್ಟಿದ್ದರು. ಹೋದ ವರ್ಷ ಸ್ಕಾಲರ್‌ಶಿಪ್ ಅರ್ಜಿಗೆಂದು ಕೊಟ್ಟ ನನ್ನ ಖಾತೆಯೂ ಇತ್ತು. ಒಬ್ಬರ ಕ್ಯಾಲೆಂಡರಿನ ಹೆಸರು 'ಕೋರ್ಟ್ ತಾರೀಖು'.

"ಬರೀ ಹೆಸರು ಬಂದೈತಲ್ಲ ಬೇಟಾ, ಅದರಾಗ ಏನೈತಿ?" ಎಂದರು ಮಾಮೂ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಸೂಚಿಯನ್ನು ಬೀದಿಯಲ್ಲಿ ಓದಿದರೆ ಏನಾಗುತ್ತದೆ ಎಂದು ಕೇಳಿದೆ. ಯಾರು ಎಷ್ಟು ಕೊಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಯಾರ ಯಾರ ಉದ್ರಿ ಇದೆ ಎಂಬುದು ಓಣಿಗೆಲ್ಲ ತಿಳಿಯುತ್ತದೆ. ಮಾಮೂ ಸುಮ್ಮನಾದರು.

ಪಟ್ಟಿ ಅಂಗಡಿಯಲ್ಲೇ ಉಳಿಯುತ್ತದೆ ಎಂದೂ ಇಲ್ಲ. ನಾವು ಬಳಸುವ ಸಹಾಯಕಗಳು ಹೆಚ್ಚಾಗಿ ಕಂಪನಿಯ ಸರ್ವರ್‌ನಲ್ಲಿ ಓಡುತ್ತವೆ, ಉಪಕರಣ ಕೊಟ್ಟ ಉತ್ತರವೂ ಅಲ್ಲಿಗೇ ಹೋಗುತ್ತದೆ. ಥಂಡರ್‌ಬರ್ಡ್‌ನ ವಿಸ್ತರಣೆಗಳಿಗೆ ಖಾತೆ ನೋಡುವ ಅನುಮತಿ ಬೇರೆ, ಪತ್ರ ಓದುವ ಅನುಮತಿ ಬೇರೆ. ಎಂದರೆ ಅದನ್ನು ಮಾಡಿದವರೂ ಸೂಚಿಯನ್ನು ಪುಕ್ಕಟೆ ವಸ್ತು ಎಂದು ತಿಳಿದಿಲ್ಲ. ಉಪಕರಣ ಬಳಸುವ ಮುಂಚೆ ಬಳಕೆದಾರರ ಒಪ್ಪಿಗೆ ಕೇಳಬೇಕೆಂದು ಎಂಸಿಪಿಯೂ ಹೇಳುತ್ತದೆ. ಆದರೆ ಇಲ್ಲಿ 'ಸರಿ' ಒತ್ತಿದವನು ನಾನು. ಉಳಿದವರನ್ನು ಯಾರು ಕೇಳಿದರು?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯದಲ್ಲಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಎಂಬುದು ಗೊತ್ತಾದ ಒಂದು ಕೆಲಸಕ್ಕೆ ಮಾತ್ರ. ಅರ್ಜಿ ತುಂಬಲು ಕೊಟ್ಟ ಒಪ್ಪಿಗೆ ಎಐಗೆ ತೋರಿಸಲು ಕೊಟ್ಟದ್ದಲ್ಲ.

ನಾವು ಮಾಡಿದ್ದು ಹೀಗೆ. ಥಂಡರ್‌ಬರ್ಡ್‌ನಲ್ಲಿ ಬೇರೆ ಬೇರೆ ಪ್ರೊಫೈಲ್ ಇಡಬಹುದು. ಮಾಮೂ ಅವರ ಮೂರು ಖಾತೆಗಳಿಗೆ ಹೊಸ ಪ್ರೊಫೈಲ್ ಮಾಡಿ, ಸಹಾಯಕವನ್ನು ಅದಕ್ಕೆ ಮಾತ್ರ ಜೋಡಿಸಿದೆ. ಹಳೆಯದರಿಂದ ಕಿತ್ತೆ. ನನ್ನ ಖಾತೆ ತೆಗೆದು, ಮೊಬೈಲಿನಲ್ಲಿ ಗೂಗಲ್ ಖಾತೆಯ ಭದ್ರತೆ ವಿಭಾಗಕ್ಕೆ ಹೋಗಿ ಥಂಡರ್‌ಬರ್ಡ್‌ಗೆ ಕೊಟ್ಟಿದ್ದ ಪ್ರವೇಶವನ್ನೂ ರದ್ದು ಮಾಡಿದೆ. ನೀವೂ ಯಾವುದಾದರೂ ಅಂಗಡಿಯಲ್ಲಿ ಲಾಗಿನ್ ಆಗಿದ್ದರೆ ಇವತ್ತೇ ಅಲ್ಲಿ ನೋಡಿ. ಯಾವ ಯಾವ ಸಾಧನದಲ್ಲಿ ನಿಮ್ಮ ಖಾತೆ ತೆರೆದಿದೆ ಎಂಬ ಪಟ್ಟಿ ನಿಮಗೇ ಸಿಗುತ್ತದೆ.

ಉಳಿದ ಹತ್ತು ಜನರಿಗೆ ಮಾಮೂ ಫೋನ್ ಮಾಡಿದರು. ಎಂಟು ಜನ ತೆಗೆದುಬಿಡಿ ಎಂದರು. ಇಬ್ಬರ ನಂಬರ್ ಬದಲಾಗಿದೆ. ಅವರವನ್ನೂ ತೆಗೆಯೋಣ ಎಂದು ಹೊರಟವನಿಗೆ ಪಟ್ಟಿಯಲ್ಲಿ 'ಬಗೆ' ಎಂಬ ಕಾಲಂ ಕಣ್ಣಿಗೆ ಬಿತ್ತು. ಒಂದು ಐಮ್ಯಾಪ್, ಅದನ್ನು ಇಲ್ಲಿ ತೆಗೆದರೂ ಮೇಲ್‌ಗಳು ಸರ್ವರ್‌ನಲ್ಲಿ ಇರುತ್ತವೆ. ಇನ್ನೊಂದು ಪಾಪ್. ಅದರ ಹಳೆಯ ಮೇಲ್‌ಗಳು ಸರ್ವರ್‌ನಿಂದ ಅಳಿಸಿ ಈ ಕಂಪ್ಯೂಟರ್ ಒಂದರಲ್ಲೇ ಉಳಿದಿರಬಹುದು. ಅದೊಂದನ್ನು ಹಾಗೇ ಬಿಟ್ಟಿದ್ದೇವೆ. ಅವರು ಅಂಗಡಿಗೆ ಬಂದಾಗ ಕೇಳಬೇಕೆಂದು ಮಾಮೂ ಮಾನಿಟರಿಗೆ ಒಂದು ಚೀಟಿ ಅಂಟಿಸಿದ್ದಾರೆ.