ಬೇವಿನ ಕಷಾಯವೂ ಅಂಗಡಿಯ ಔಷಧವೂ: ಕೀಟನಾಶಕ ಶಕ್ತಿಯನ್ನು ಪರೀಕ್ಷಿಸುವ ಕ್ರಮ

ರಾಯಚೂರು ಜಿಲ್ಲೆಯ ಎರೆಭೂಮಿಯಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿಗಳು ಮುಖ್ಯವಾದ ಪೈರುಗಳಾಗಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಮಾನ್ವಿಗೂ, ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗಕ್ಕೂ ನೀರು ಒದಗಿದೆ. ಈ ಪೈರುಗಳಿಗೆ ಜಿಗಿಹುಳು, ಹೇನು, ಥ್ರಿಪ್ಸ್ ನುಸಿ, ಕಾಯಿಕೊರಕ ಮೊದಲಾದ ಕೀಟಗಳ ಬಾಧೆಯು ತಪ್ಪಿದ್ದಲ್ಲ. ಅವುಗಳ ನಿವಾರಣೆಗಾಗಿ ರೈತನ ಮುಂದೆ ಎರಡು ಸಾಧನಗಳಿವೆ. ಒಂದು, ಈ ಸೀಮೆಯಲ್ಲಿ 'ಎಣ್ಣೆ' ಎಂದೇ ಕರೆಯಲ್ಪಡುವ ಅಂಗಡಿಯ ರಾಸಾಯನಿಕ ಔಷಧ. ಇನ್ನೊಂದು, ತನ್ನ ಬದುವಿನಲ್ಲಿಯೇ ಬೆಳೆದುನಿಂತಿರುವ ಬೇವಿನ ಮರ. ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಊರಿನ ಕಟ್ಟೆಯ ಮೇಲೆ ಉತ್ತರ ಸಿಕ್ಕುವುದಿಲ್ಲ. ಕ್ರಮವಾದ ಪರೀಕ್ಷೆಯಿಂದ ಮಾತ್ರ ಸಿಕ್ಕುತ್ತದೆ. ಆ ಪರೀಕ್ಷೆಯ ಕ್ರಮವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಪೂರ್ವ ವೃತ್ತಾಂತ

ಡಿ.ಡಿ.ಟಿ. ಎಂಬ ಕೃತಕ ದ್ರವ್ಯಕ್ಕೆ ಕೀಟಗಳನ್ನು ಕೊಲ್ಲುವ ಶಕ್ತಿಯುಂಟೆಂಬುದನ್ನು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಎಂಬ ರಸಾಯನ ಶಾಸ್ತ್ರಜ್ಞನು ೧೯೩೯ರಲ್ಲಿ ಕಂಡುಹಿಡಿದನು. ಅದಕ್ಕಾಗಿ ೧೯೪೮ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅಲ್ಲಿಂದ ಮುಂದೆ ಕೃತಕ ಔಷಧಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಕೆಲವಕ್ಕೆ ಸಸ್ಯಗಳೇ ಮೂಲ. ಪೈರೆಥ್ರಮ್ ಎಂಬ ಸೇವಂತಿಗೆಯ ಜಾತಿಯ ಹೂವಿನಲ್ಲಿರುವ ವಿಷವನ್ನು ಅನುಸರಿಸಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾಲಯದಲ್ಲಿ ಮೈಕೇಲ್ ಎಲಿಯಟ್ ಮತ್ತು ಅವರ ಸಂಗಡಿಗರು ಬಿಸಿಲಿಗೆ ಕೆಡದ ಕೃತಕ ಪೈರೆಥ್ರಾಯ್ಡ್‌ಗಳನ್ನು ತಯಾರಿಸಿದರು. ಆದುದರಿಂದ ಸಸ್ಯದ್ರವ್ಯ, ಕೃತಕದ್ರವ್ಯ ಎಂಬ ಭೇದವು ಜನರು ಎಣಿಸುವಷ್ಟು ದೊಡ್ಡದಲ್ಲ. ಎರಡೂ ದ್ರವ್ಯಗಳೇ, ಎರಡಕ್ಕೂ ಒಂದೇ ಪರೀಕ್ಷೆ ಸಲ್ಲತಕ್ಕದ್ದು.

ಬೇವಿನ ವೃತ್ತಾಂತವು ಇದಕ್ಕಿಂತ ನಿಧಾನವಾಗಿ ನಡೆಯಿತು. ೧೯೫೯ರಲ್ಲಿ ಸೂಡಾನ್ ದೇಶದಲ್ಲಿ ಮಿಡತೆಯ ದಂಡು ಹಸಿರೆಲ್ಲವನ್ನೂ ತಿಂದುಹಾಕಿದಾಗ ಬೇವಿನ ಮರಗಳು ಮಾತ್ರ ಉಳಿದುದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಷ್ಮುಟರರ್ ಕಂಡರು. ೧೯೬೨ರಲ್ಲಿ ದೆಹಲಿಯಲ್ಲಿ ಪ್ರಧಾನ್, ಜೋತ್ವಾಣಿ ಮೊದಲಾದವರು, ಬೇವಿನ ತಿರುಳನ್ನು ನೀರಿನಲ್ಲಿ ಕದಡಿ ಪೈರಿಗೆ ಸಿಂಪಡಿಸಿದರೆ ಮಿಡತೆಗಳು ಆ ಪೈರನ್ನು ತಿನ್ನದೆ ಬಿಡುತ್ತವೆಂದು ತೋರಿಸಿಕೊಟ್ಟರು. ಈ ಗುಣಕ್ಕೆ ಮುಖ್ಯ ಕಾರಣವಾದ ಅಜಾಡಿರಾಕ್ಟಿನ್ ಎಂಬ ದ್ರವ್ಯವನ್ನು ೧೯೬೮ರಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬವರು ಬೇರ್ಪಡಿಸಿದರು. ಅದರ ರಚನೆಯು ಸರಿಯಾಗಿ ತಿಳಿದುಬಂದುದು ೧೯೮೫ರ ಸುಮಾರಿಗೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಲೇ ಅವರ ತಂಡವು ೨೨ ವರ್ಷಗಳು ಶ್ರಮಿಸಿ ೨೦೦೭ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿತು. ಅಷ್ಟು ಜಟಿಲವಾದ ದ್ರವ್ಯವನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ಮಾಡುವುದು ಸಾಧ್ಯವಾಗಿಲ್ಲ. ಇಂದಿಗೂ ಅದನ್ನು ಮರವೇ ಕೊಡಬೇಕು.

ಕೊಲ್ಲುವುದು ಬೇರೆ, ತಡೆಯುವುದು ಬೇರೆ

ಪರೀಕ್ಷೆಗೆ ತೊಡಗುವ ಮುಂಚೆ, ಪರೀಕ್ಷಿಸತಕ್ಕ ದ್ರವ್ಯವು ಕೀಟದ ಮೇಲೆ ಹೇಗೆ ವರ್ತಿಸುತ್ತದೆಂಬುದನ್ನು ತಿಳಿದಿರಬೇಕು. ಕೃತಕ ಔಷಧಗಳಲ್ಲಿ ಬಹುಪಾಲು ಕೀಟದ ನರಗಳನ್ನು ಕೆಡಿಸುತ್ತವೆ. ಅಂಥವುಗಳ ಫಲವು ಕೆಲವು ಗಂಟೆಗಳಲ್ಲಿಯೇ ಕಣ್ಣಿಗೆ ಕಾಣುತ್ತದೆ. ಬೇವಿನ ಸಾರವು ಹಾಗಲ್ಲ. ಅದು ಮೊದಲು ಹುಳುವಿಗೆ ಎಲೆಯಲ್ಲಿ ಅರುಚಿಯನ್ನು ಹುಟ್ಟಿಸುತ್ತದೆ. ತಿಂದ ಹುಳುವಿನಲ್ಲಿ ಪೊರೆ ಬಿಡುವ ಕ್ರಿಯೆಗೆ ಬೇಕಾದ ರಸಗಳನ್ನು ಅಸ್ತವ್ಯಸ್ತಗೊಳಿಸುತ್ತದೆ. ಹುಳುವು ಬದುಕಿದ್ದರೂ ಮೇಯುವುದು ಕಡಿಮೆಯಾಗುತ್ತದೆ. ಮುಂದಿನ ಪೊರೆ ಬಿಡುವಾಗ ಅದು ಸಾಯುತ್ತದೆ, ಇಲ್ಲವೆ ಅಂಗಹೀನವಾಗುತ್ತದೆ.

ಬೇವನ್ನು ಸಿಂಪಡಿಸಿ ಮಾರನೆಯ ಬೆಳಗ್ಗೆ ಹೊಲಕ್ಕೆ ಹೋದವನು ಹುಳು ಜೀವಂತವಾಗಿರುವುದನ್ನು ಕಂಡು, ಕಷಾಯದಲ್ಲಿ ಸತ್ವವಿಲ್ಲವೆಂದು ನಿರ್ಣಯಿಸುತ್ತಾನೆ. ಅದೇ ದಿನವೇ ಅಂಗಡಿಗೆ ಹೋಗಿ ಸಾಲಮಾಡಿ ಔಷಧವನ್ನು ತರುತ್ತಾನೆ. ಇಲ್ಲಿ ಸೋತದ್ದು ಬೇವಲ್ಲ, ಪರೀಕ್ಷೆಯೇ. ತಪ್ಪು ವೇಳೆಯಲ್ಲಿ ಎಣಿಸಿದ ಲೆಕ್ಕವು ಎಷ್ಟು ಪ್ರಾಮಾಣಿಕವಾಗಿದ್ದರೂ ತಪ್ಪು ಲೆಕ್ಕವೇ ಸರಿ.

ಪ್ರಯೋಗಶಾಲೆಯ ಪರೀಕ್ಷೆ

ಒಂದೇ ವಯಸ್ಸಿನ, ಒಂದೇ ಗಾತ್ರದ ಹುಳುಗಳನ್ನು ಆರಿಸಿಕೊಳ್ಳಬೇಕು. ಪರೀಕ್ಷಿಸತಕ್ಕ ದ್ರವ್ಯವನ್ನು ಒಂದಕ್ಕೊಂದು ಅರ್ಧದಷ್ಟು ತಿಳಿಯಾಗುವಂತೆ ಐದಾರು ಪ್ರಮಾಣಗಳಲ್ಲಿ ಕಲಸಿಕೊಳ್ಳಬೇಕು. ಎಲೆಗಳನ್ನು ಪ್ರತಿಯೊಂದು ಪ್ರಮಾಣದಲ್ಲಿಯೂ ಅದ್ದಿ, ನೆರಳಿನಲ್ಲಿ ಆರಿಸಿ, ಹುಳುಗಳಿಗೆ ಮೇಯಲು ಕೊಡಬೇಕು. ಇವುಗಳ ಜೊತೆಯಲ್ಲಿ ಬರಿಯ ನೀರಿನಲ್ಲಿ ಅದ್ದಿದ ಎಲೆಗಳನ್ನು ತಿನ್ನುವ ಹುಳುಗಳ ಗುಂಪೊಂದು ಇರಲೇಬೇಕು. ಇದಕ್ಕೆ 'ತಾಳೆಯ ಗುಂಪು' ಎನ್ನಬಹುದು. ಕಷಾಯದಲ್ಲಿ ಸಾಬೂನು ಬೆರೆಸಿದ್ದರೆ ಈ ನೀರಿನಲ್ಲಿಯೂ ಅಷ್ಟೇ ಸಾಬೂನು ಇರತಕ್ಕದ್ದು. ಏಕೆಂದರೆ ಮೆತ್ತನೆಯ ಮೈಯ ಕೆಲವು ಕೀಟಗಳನ್ನು ಸಾಬೂನೇ ಕೊಲ್ಲುತ್ತದೆ.

ತಾಳೆಯ ಗುಂಪಿನಲ್ಲಿಯೂ ಕೆಲವು ಹುಳುಗಳು ತಾವಾಗಿಯೇ ಸಾಯುತ್ತವೆ. ಆ ಸಾವನ್ನು ಔಷಧದ ಲೆಕ್ಕಕ್ಕೆ ಸೇರಿಸಬಾರದು. ಅದನ್ನು ಕಳೆಯುವ ಸೂತ್ರವನ್ನು ಅಬಟ್ ಎಂಬ ಅಮೇರಿಕದ ವಿದ್ವಾಂಸನು ೧೯೨೫ರಲ್ಲಿ ಪ್ರಕಟಿಸಿದನು. ಉದಾಹರಣೆಗೆ, ನೀರಿನ ಗುಂಪಿನ ೨೦ ಹುಳುಗಳಲ್ಲಿ ೨ ಸತ್ತರೆ ಸಾವು ಶೇಕಡಾ ೧೦; ಔಷಧದ ಗುಂಪಿನ ೨೦ರಲ್ಲಿ ೧೧ ಸತ್ತರೆ ಶೇಕಡಾ ೫೫. ೫೫ರಲ್ಲಿ ೧೦ನ್ನು ಕಳೆದರೆ ೪೫. ಇದನ್ನು, ೧೦೦ರಲ್ಲಿ ೧೦ ಕಳೆದುಳಿದ ೯೦ರಿಂದ ಭಾಗಿಸಿ ೧೦೦ರಿಂದ ಗುಣಿಸಿದರೆ ಶೇಕಡಾ ೫೦ ಬರುತ್ತದೆ. ಇದೇ ಔಷಧದ ನಿಜವಾದ ಫಲ. ನೀರಿನ ಗುಂಪಿನಲ್ಲಿ ಶೇಕಡಾ ೨೦ಕ್ಕಿಂತ ಹೆಚ್ಚು ಹುಳುಗಳು ಸತ್ತರೆ ಆ ಪರೀಕ್ಷೆಯನ್ನು ಬಿಟ್ಟು ಹೊಸದಾಗಿ ಮಾಡುವುದೇ ಲೇಸು.

ಗುಂಪಿನ ಅರ್ಧದಷ್ಟು ಹುಳುಗಳನ್ನು ಕೊಲ್ಲುವ ಪ್ರಮಾಣವನ್ನು ಆ ದ್ರವ್ಯದ 'ಅರ್ಧಮಾರಕ ಪ್ರಮಾಣ'ವೆಂದು ಗುರುತಿಸುತ್ತಾರೆ. ಎರಡು ದ್ರವ್ಯಗಳ ಬಲಾಬಲವನ್ನು ಇದರಿಂದ ಹೋಲಿಸಬಹುದು. ಆದರೆ ಬೇವಿನಂಥ ದ್ರವ್ಯಕ್ಕೆ ಈ ಒಂದು ಅಳತೆ ಸಾಲದು. ತಿಂದ ಎಲೆಯನ್ನೂ ಅಳೆಯಬೇಕು. ನೀರಿನ ಗುಂಪು ೧೨ ಚದರ ಸೆಂಟಿಮೀಟರು ಎಲೆಯನ್ನು ತಿಂದಿರುವಾಗ ಕಷಾಯದ ಗುಂಪು ೩ ಚದರ ಸೆಂಟಿಮೀಟರು ಮಾತ್ರ ತಿಂದರೆ, ಒಂದು ಹುಳುವೂ ಸಾಯದಿದ್ದರೂ ಪೈರಿಗೆ ಶೇಕಡಾ ೭೫ ರಕ್ಷಣೆ ದೊರೆತಂತಾಯಿತು. ಅಲ್ಲದೆ ಹುಳುಗಳನ್ನು ಒಂದು ದಿನಕ್ಕೆ ಬಿಡದೆ ಅವು ಕೋಶವಾಗುವವರೆಗೂ ಸಾಕಿ ನೋಡಬೇಕು.

ಹೊಲದ ಪರೀಕ್ಷೆ

ರೈತನು ತನ್ನ ಹೊಲದಲ್ಲಿಯೂ ಇಂಥ ಪರೀಕ್ಷೆಯನ್ನು ಮಾಡಬಹುದು. ಹತ್ತಿ ಅಥವಾ ಮೆಣಸಿನ ಹೊಲದ ಒಂದು ಭಾಗವನ್ನು ೧೨ ಸಮನಾದ ತುಂಡುಗಳಾಗಿ ಗುರುತಿಸಬೇಕು. ನಾಲ್ಕಕ್ಕೆ ಬೇವಿನ ಕಷಾಯ, ನಾಲ್ಕಕ್ಕೆ ಅಂಗಡಿಯ ಔಷಧ, ನಾಲ್ಕಕ್ಕೆ ಸಾಬೂನಿನ ನೀರು. ಯಾವ ತುಂಡಿಗೆ ಯಾವುದು ಎಂಬುದನ್ನು ಚೀಟಿಯೆತ್ತಿ ಗೊತ್ತುಮಾಡಬೇಕು. ಇಲ್ಲದಿದ್ದರೆ ಒಳ್ಳೆಯ ನೆಲದ ಫಲವು ಔಷಧದ ಫಲವೆಂದು ತೋರುವ ಸಂಭವವುಂಟು. ತುಂಡಿನ ಅಂಚಿನ ಸಾಲುಗಳನ್ನು ಬಿಟ್ಟು ನಡುವಿನ ಸಾಲುಗಳಲ್ಲಿ ಐದು ಗಿಡಗಳನ್ನು ಆರಿಸಿ ಕೀಟಗಳನ್ನು ಎಣಿಸಬೇಕು. ಹತ್ತಿಯಲ್ಲಿ ಮೇಲಿನ, ನಡುವಿನ, ಕೆಳಗಿನ ಒಂದೊಂದು ಎಲೆಯ ಅಡಿಭಾಗವನ್ನು ನೋಡುವುದು. ಮೆಣಸಿನಲ್ಲಿ ಕುಡಿಯನ್ನು ಬಿಳಿಯ ಕಾಗದದ ಮೇಲೆ ಒದರಿ ನುಸಿಗಳನ್ನು ಎಣಿಸುವುದು. ಸಿಂಪಡಿಸುವ ಹಿಂದಿನ ದಿನ ಒಮ್ಮೆ, ಆಮೇಲೆ ೧, ೩, ೭, ೧೦ನೆಯ ದಿನಗಳಲ್ಲಿ ಲೆಕ್ಕವನ್ನು ಬರೆದಿಡಬೇಕು.

ನೀರಿನ ತುಂಡುಗಳನ್ನು ಬಿಡುವುದೇಕೆಂದು ಕೆಲವರು ಕೇಳಬಹುದು. ಜೋರು ಮಳೆ ಬಂದರೆ ನುಸಿಗಳು ತಾವಾಗಿಯೇ ತೊಳೆದುಹೋಗುತ್ತವೆ. ಆ ವಾರ ಔಷಧ ಹೊಡೆದವನು ಔಷಧವನ್ನು ಹೊಗಳುತ್ತಾನೆ, ಕಷಾಯ ಹೊಡೆದವನು ಕಷಾಯವನ್ನು ಹೊಗಳುತ್ತಾನೆ. ಇಬ್ಬರ ಹೊಲದಲ್ಲಿಯೂ ಕೆಲಸ ಮಾಡಿದ್ದು ಮಳೆ. ನೀರಿನ ತುಂಡಿದ್ದರೆ ಮಾತ್ರ ಈ ಸತ್ಯವು ಹೊರಬೀಳುತ್ತದೆ. ಕೊನೆಗೆ ತುಂಡುಗಳ ಇಳುವರಿಯನ್ನು ಬೇರೆ ಬೇರೆ ತೂಗಿ, ಖರ್ಚನ್ನು ಕಳೆದು ನೋಡತಕ್ಕದ್ದು. ಕೀಟದ ಲೆಕ್ಕಕ್ಕಿಂತಲೂ ಈ ಲೆಕ್ಕವೇ ರೈತನಿಗೆ ಮುಖ್ಯ.

ಕಷಾಯವನ್ನು ಸಿದ್ಧಪಡಿಸುವ ವಿಧಾನ

ಒಂದೊಂದು ಸಲ ಒಂದೊಂದು ಬಗೆಯಾಗಿ ಮಾಡಿದ ಕಷಾಯವನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಬೇಸಿಗೆಯ ಕೊನೆಗೆ ಹಣ್ಣಾಗಿ ಉದುರಿದ ಬೇವಿನ ಹಣ್ಣುಗಳನ್ನು ಆಯ್ದು, ತಿರುಳನ್ನು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಗೋಣಿಚೀಲದಲ್ಲಿಡಬೇಕು. ಬೂಷ್ಟು ಹಿಡಿದ ಬೀಜವು ಕೆಲಸಕ್ಕೆ ಬಾರದು. ಎಂಟು ತಿಂಗಳು ಮೀರಿದ ಬೀಜದಲ್ಲಿ ಸತ್ವವು ಕುಗ್ಗಿರುತ್ತದೆ. ಸಿಪ್ಪೆ ತೆಗೆದ ೫ ಕಿಲೋಗ್ರಾಂ ಬೀಜದ ತಿರುಳನ್ನು ಕುಟ್ಟಿ, ೧೦ ಲೀಟರು ನೀರಿನಲ್ಲಿ ರಾತ್ರಿಯೆಲ್ಲಾ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಎರಡು ಮೂರು ಸಲ ಸೋಸಬೇಕು. ಬಳಿಕ ನೀರು ಸೇರಿಸಿ ೧೦೦ ಲೀಟರು ಮಾಡಿ, ಸ್ವಲ್ಪ ಸಾಬೂನನ್ನು ಕರಗಿಸಬೇಕು. ಇದೇ ಶೇಕಡಾ ೫ರ ಕಷಾಯ. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆಯ ಹೊತ್ತು ಸಿಂಪಡಿಸುವುದು ಯುಕ್ತ. ನೆನೆಹಾಕಿದ ಕಷಾಯವನ್ನು ನಾಳೆಗೆಂದು ಉಳಿಸಬಾರದು.

ಎಚ್ಚರಿಕೆಯ ಮಾತುಗಳು

ಸಸ್ಯದಿಂದ ಬಂದುದೆಲ್ಲಾ ನಿರಪಾಯವೆಂದು ತಿಳಿಯಬಾರದು. ಹೊಗೆಸೊಪ್ಪಿನ ಕಷಾಯವು ಮನುಷ್ಯನಿಗೂ ಕಠಿಣವಾದ ವಿಷ. ಸೀತಾಫಲದ ಬೀಜದ ಪುಡಿಯು ಕಣ್ಣಿಗೆ ಬಿದ್ದರೆ ಅಪಾಯವುಂಟು.

ಅಂಗಡಿಯ ಔಷಧವು ಬೇಗ ಕೊಲ್ಲುತ್ತದೆಂಬುದು ನಿಜ. ಆದರೆ ಒಂದೇ ಔಷಧವನ್ನು ಪದೇ ಪದೇ ಹೊಡೆದರೆ ಅದನ್ನು ತಾಳಿಕೊಂಡ ಹುಳುಗಳೇ ಉಳಿದು ಸಂತಾನವನ್ನು ಬೆಳೆಸುತ್ತವೆ. ನೆರೆಯ ಆಂಧ್ರ ಪ್ರದೇಶದ ಹತ್ತಿ ಹೊಲಗಳಲ್ಲಿ ೧೯೮೭ರಲ್ಲಿ ಕಾಯಿಕೊರಕವು ಪೈರೆಥ್ರಾಯ್ಡ್‌ಗಳಿಗೆ ಬಗ್ಗದೆ ಹೋಯಿತು. ಮನುಷ್ಯರಿಗಾದ ಹಾನಿಯೂ ಕಡಿಮೆಯಲ್ಲ. ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಜನರ ಸಂಕಟವು ನಾಡಿಗೆಲ್ಲಾ ತಿಳಿದ ಮೇಲೆ ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ನಿಷೇಧಿಸಿತು. ೨೦೧೭ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಸಿಂಪಡಿಸುತ್ತಿದ್ದ ಅನೇಕ ಕೂಲಿಕಾರರು, ರೈತರು ವಿಷಬಾಧೆಗೆ ತುತ್ತಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆದುದರಿಂದ ಎರಡು ಮೂರು ಔಷಧಗಳನ್ನು ತಮಗೆ ತೋಚಿದಂತೆ ಪಂಪಿನಲ್ಲಿ ಬೆರೆಸಕೂಡದು. ಬರಿಗೈಯಲ್ಲಿ ಕಲಸಕೂಡದು, ಗಾಳಿಗೆ ಎದುರಾಗಿ ಹೊಡೆಯಕೂಡದು.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡುವ ಅಭ್ಯಾಸವಿರಬೇಕು. ಕೆಂಪು ಬಣ್ಣವು ಅತ್ಯಂತ ವಿಷಕರವೆಂದೂ, ಹಳದಿ, ನೀಲಿ, ಹಸಿರುಗಳು ಕ್ರಮವಾಗಿ ಕಡಿಮೆ ವಿಷವೆಂದೂ ಸೂಚಿಸುತ್ತವೆ. 'ಜೈವಿಕ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರುವ ಸೀಸೆಗಳಲ್ಲಿ ೧೯೬೮ರ ಕೀಟನಾಶಕಗಳ ಕಾಯಿದೆಯಂತೆ ನೋಂದಣಿಯ ಸಂಖ್ಯೆಯೂ, ದ್ರವ್ಯದ ಹೆಸರೂ, ಪ್ರಮಾಣವೂ ಇರದಿದ್ದರೆ ಅವುಗಳನ್ನು ಕೊಳ್ಳಬಾರದು. ಬೇವಿನದೆಂದು ಹೇಳಿದ ಸೀಸೆಯ ಔಷಧವು ಹುಳುಗಳನ್ನು ಅರ್ಧ ದಿನದಲ್ಲಿ ರಾಶಿರಾಶಿಯಾಗಿ ಉದುರಿಸಿದರೆ ಸಂತೋಷಪಡುವ ಬದಲು ಸಂಶಯಪಡಬೇಕು. ಏಕೆಂದರೆ ಅದು ಬೇವಿನ ಸ್ವಭಾವವಲ್ಲ. ಅಂಥ ಸೀಸೆಯನ್ನು ಬಿಲ್ಲಿನೊಡನೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಿ ವಿಷಯವನ್ನು ತಿಳಿಸತಕ್ಕದ್ದು. ಔಷಧದ ಶೇಷಾಂಶಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಯು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಇದೆ.

ಸಾರಾಂಶ

ಬೇವು ಎಲ್ಲಕ್ಕೂ ಮದ್ದಲ್ಲ. ಕೀಟವು ಮರಿಯಾಗಿರುವಾಗ, ಬಾಧೆ ಇನ್ನೂ ಸ್ವಲ್ಪವಿರುವಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ; ಬಾಧೆಯು ಮಿತಿಮೀರಿದಾಗ ಶಿಫಾರಸು ಮಾಡಿದ ಕೃತಕ ಔಷಧವನ್ನು ಹೇಳಿದ ಪ್ರಮಾಣದಲ್ಲಿ ಬಳಸಬೇಕಾಗಬಹುದು. ಯಾವುದನ್ನು ಯಾವಾಗ ಬಳಸಬೇಕೆಂಬುದನ್ನು ತೀರ್ಮಾನಿಸಲು ನಾಲ್ಕು ಸಂಗತಿಗಳು ಅವಶ್ಯ: ತಾಳೆಗಾಗಿ ನೀರಿನ ತುಂಡು, ಗೊತ್ತಾದ ಪ್ರಮಾಣ, ದ್ರವ್ಯದ ಸ್ವಭಾವಕ್ಕೆ ತಕ್ಕ ಎಣಿಕೆಯ ದಿನ, ಮತ್ತು ಬರೆದಿಟ್ಟ ಲೆಕ್ಕ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ರೈತರು ಬರುವ ಹಂಗಾಮಿನಲ್ಲಿ ಹೊಲದ ಒಂದು ಮೂಲೆಯನ್ನು ಇದಕ್ಕೆ ಮೀಸಲಾಗಿಟ್ಟರೆ, ಅಂಗಡಿಯವನ ಮಾತನ್ನಾಗಲಿ ನೆರೆಯವನ ಮಾತನ್ನಾಗಲಿ ನಂಬಿ ಹಣ ತೆರುವ ಪ್ರಮೇಯವು ಅವರಿಗೆ ಬಾರದು.