ಕೋಳಿಗಳಿಗೆ ಸೀಸದ ವಿಷ: ಮೇವಿನಿಂದ ಎಷ್ಟು ರಕ್ಷಣೆ?



ಹೊಟ್ಟೆಯಲ್ಲಿ ಕಾಳು ಅರೆಯಲು ಕೋಳಿಗೆ ಹರಳು ಬೇಕು. ಹರಳು ಹುಡುಕುತ್ತ ಅದು ಒಡೆದ ಟ್ರ್ಯಾಕ್ಟರ್ ಬ್ಯಾಟರಿಯ ಚೂರನ್ನೂ ಹಳೆಯ ಬಣ್ಣದ ಹಕ್ಕಳೆಯನ್ನೂ ನುಂಗುವುದುಂಟು. ಅವುಗಳಲ್ಲಿಯ ಸೀಸವು ರಕ್ತಕ್ಕೂ ಎಲುಬಿಗೂ ತತ್ತಿಯ ಹಳದಿಗೂ ಸೇರುತ್ತದೆ. ಕೋಳಿ ಆರೋಗ್ಯವಾಗಿ ಕಂಡರೂ ಆ ತತ್ತಿ ತಿನ್ನುವ ಮಕ್ಕಳ ಮಿದುಳಿನ ಬೆಳವಣಿಗೆಗೆ ಅಪಾಯವಿದೆ.

ಮೇವಿನಲ್ಲಿ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆಯಾದರೆ ಕರುಳು ಸೀಸವನ್ನು ಹೆಚ್ಚಾಗಿ ಹೀರುತ್ತದೆ. ಒಂದು ತತ್ತಿಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದ್ದರಿಂದ ತತ್ತಿ ಇಡುವ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಸಿಗಬೇಕು. ಸುಣ್ಣದ ಕಲ್ಲಿನ ಹರಳನ್ನಾಗಲಿ ಸಮುದ್ರದ ಚಿಪ್ಪಿನ ಚೂರನ್ನಾಗಲಿ ಬೇರೆ ಪಾತ್ರೆಯಲ್ಲಿ ಸದಾ ಇಡಿರಿ. ಮರಿಗಳಿಗೆ ಇದನ್ನು ಕೊಡಬೇಡಿರಿ. ಹೆಚ್ಚಿನ ಸುಣ್ಣಾಂಶ ಅವುಗಳ ಮೂತ್ರಪಿಂಡ ಕೆಡಿಸುತ್ತದೆ.

‘ಇ’ ಜೀವಸತ್ವ ಮತ್ತು ಸೆಲೆನಿಯಂ ಸೀಸದಿಂದ ಜೀವಕೋಶಗಳಿಗಾಗುವ ಹಾನಿಯನ್ನು ಕೆಲಮಟ್ಟಿಗೆ ತಗ್ಗಿಸುತ್ತವೆ. ಆದರೆ ಸೆಲೆನಿಯಂ ಅತ್ಯಲ್ಪ ಸಾಕು. 1 ಕಿಲೋ ಮೇವಿಗೆ 1 ಮಿಲಿಗ್ರಾಮಿಗಿಂತಲೂ ಕಡಿಮೆ. ಮಿತಿ ಮೀರಿದರೆ ಅದೇ ವಿಷ. ಬಿಡಿಯಾಗಿ ಬೆರೆಸದೆ, ಪಶುವೈದ್ಯರನ್ನು ಕೇಳಿ ಸಿದ್ಧ ಖನಿಜ ಮಿಶ್ರಣವನ್ನೇ ಬಳಸಿರಿ.

ಇವು ಯಾವುವೂ ನುಂಗಿದ ಸೀಸವನ್ನು ಹೊರಹಾಕಲಾರವು. ಚಿಪ್ಪು ಕಟ್ಟಲು ಕೋಳಿ ತನ್ನ ಎಲುಬನ್ನು ಕರಗಿಸುವಾಗ ಅಲ್ಲಿ ಕೂತ ಸೀಸ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಆದಕಾರಣ ಮೊದಲು ಬ್ಯಾಟರಿ, ಬಣ್ಣದ ಚೂರುಗಳನ್ನು ತೆಗೆದು ಆ ಜಾಗಕ್ಕೆ ಬೇಲಿ ಹಾಕಿರಿ. ಸಂಶಯವಿದ್ದಲ್ಲಿ ಕೋಳಿಗಳ ರಕ್ತಪರೀಕ್ಷೆ ಆಗುವವರೆಗೆ ತತ್ತಿಯನ್ನು ತಿನ್ನಲೂಬೇಡಿರಿ, ಮಾರಲೂಬೇಡಿರಿ.