ಲಾಡ್ಜಿನ ಹಾಸಿಗೆ: ಕೊಳೆ ಬೇರೆ, ಮೈಲಿಗೆ ಬೇರೆ



ಬಂಧುಗಳೇ, ಕಳೆದ ಭಾನುವಾರ ಓದು ಮುಗಿಸಿ ಟೀ ಕುಡಿಯುವಾಗ ನಮ್ಮ ಬಳಗದ ತಂಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. ರಜೆಗೆ ಮಕ್ಕಳನ್ನು ಕರೆದುಕೊಂಡು ಉಡುಪಿ ಕಡೆ ಹೊರಟಿದ್ದಾಳೆ. "ಅಕ್ಕ, ಲಾಡ್ಜಿನ ಹಾಸಿಗೆ ನೆನೆಸಿಕೊಂಡರೇ ನನಗೆ ನಿದ್ದೆ ಬರಲ್ಲ. ಒಗೆದಿದ್ದಾರೋ ಇಲ್ವೋ, ಯಾರ್ ಯಾರು ಮಲಗಿದ್ರೋ. ಮನೆಯಿಂದಲೇ ಬೆಡ್‌ಶೀಟು, ದಿಂಬಿನ ಕವರು, ಡೆಟಾಲು ಎಲ್ಲಾ ತುಂಬಿಕೊಂಡಿದ್ದೀನಿ. ನೀನೂ ಮಡಿ ಶುರು ಮಾಡಿದೆಯಾ ಅಂತ ನಮ್ಮನೆಯವರು ನಗ್ತಾರೆ. ಇದು ಮಡೀನಾ ಅಕ್ಕ?"

ಎಲ್ಲರೂ ನಕ್ಕೆವು. ಆದರೆ ನಕ್ಕು ಬಿಡುವ ಪ್ರಶ್ನೆ ಅದಲ್ಲ. ಅವಳ ಮಾತನ್ನೇ ಇನ್ನೊಮ್ಮೆ ಓದಿ. "ಒಗೆದಿದ್ದಾರೋ ಇಲ್ವೋ" ಎನ್ನುವುದು ಬಟ್ಟೆಯ ಪ್ರಶ್ನೆ. "ಯಾರ್ ಯಾರು ಮಲಗಿದ್ರೋ" ಎನ್ನುವುದು ಮನುಷ್ಯರ ಪ್ರಶ್ನೆ. ಎರಡೂ ಒಂದೇ ಉಸಿರಿನಲ್ಲಿ ಬಂದವು. ನಮ್ಮೆಲ್ಲರ ಬಾಯಲ್ಲೂ ಹಾಗೇ ಬರುತ್ತವೆ. ಸಾವಿರಾರು ವರ್ಷ ಈ ಎರಡನ್ನೂ ಒಟ್ಟಿಗೆ ಹೊಲಿದು ಇಟ್ಟ ದೇಶ ಇದು. ನಾವು ಆ ಹೊಲಿಗೆಯನ್ನು ಬಿಚ್ಚಬೇಕು.

ಕೊಳೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ, ಸೋಪು ಬಿಸಿನೀರಿಗೆ ಹೋಗುತ್ತದೆ. ಮೈಲಿಗೆ ಕಾಣುವುದೂ ಇಲ್ಲ, ಸೋಪಿಗೆ ಹೋಗುವುದೂ ಇಲ್ಲ. ಅದು ಬಟ್ಟೆಯ ಮೇಲಲ್ಲ, ಮನುಷ್ಯನ ಮೇಲೆ ಹೊರಿಸಿದ್ದು. ಪರೀಕ್ಷೆ ಸುಲಭ. ನಿಮ್ಮ ಕಣ್ಣೆದುರೇ ಒಗೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿದ ಹೊದಿಕೆ ಹಾಸಿಕೊಟ್ಟರೆ ಮನಸ್ಸು ಸಮಾಧಾನವಾಗುತ್ತದೆಯೇ? ಆದರೆ ನಿಮ್ಮದು ಕೊಳೆಯ ಚಿಂತೆ, ಒಳ್ಳೆಯ ಚಿಂತೆ. ಅಷ್ಟು ಮಾಡಿಯೂ ಹಿಂದೆ ಯಾರು ಮಲಗಿದ್ದರೋ ಎಂದು ಕೊರೆಯುತ್ತಿದ್ದರೆ, ಅದು ಡೆಟಾಲಿನಿಂದ ಹೋಗುವಂಥದ್ದಲ್ಲ.

ಥೇರೀಗಾಥೆಯಲ್ಲಿ ಪುಣ್ಣಾ ಎಂಬ ಥೇರಿಯ ಪ್ರಸಂಗವಿದೆ. ಭಿಕ್ಷುಣಿಯಾಗುವ ಮುಂಚೆ ಆಕೆ ನೀರು ಹೊರುವ ದಾಸಿ. ಚಳಿಯಲ್ಲಿ ಒಡತಿಯ ಬೈಗುಳಕ್ಕೆ ಹೆದರಿ ನದಿಗೆ ಇಳಿಯುತ್ತಿದ್ದವಳು. ಅಲ್ಲೇ ಗಡಗಡ ನಡುಗುತ್ತಾ ಮೀಯುತ್ತಿದ್ದ ಬ್ರಾಹ್ಮಣನನ್ನು ಕೇಳುತ್ತಾಳೆ: ನಾನೇನೋ ಹೊಟ್ಟೆಪಾಡಿಗೆ, ಬೈಗುಳದ ಭಯಕ್ಕೆ ಇಳಿದೆ, ನೀನು ಯಾರಿಗೆ ಹೆದರಿ ಇಳಿದೆ? ಪಾಪ ತೊಳೆಯಲು ಎಂದ ಅವನು. ಹಾಗಾದರೆ ಕಪ್ಪೆ, ಆಮೆ, ಮೊಸಳೆ ಎಲ್ಲ ಸ್ವರ್ಗಕ್ಕೇ ಹೋಗಬೇಕಲ್ಲ ಎಂದು ಆಕೆ ಕೇಳಿದಾಗ ಅವನ ಬಳಿ ಉತ್ತರವಿರಲಿಲ್ಲ. ಮಡಿಯ ತರ್ಕವನ್ನು ಬಿಚ್ಚಿಹಾಕಿದ್ದು ಒಬ್ಬ ಕೆಲಸದವಳು, ಅದೂ ಕೊಡ ಹೊತ್ತುಕೊಂಡೇ.

ಇಷ್ಟು ಕೇಳಿ ಕೆಲವರು, "ಹಾಗಾದರೆ ಬೌದ್ಧರಿಗೆ ಸ್ವಚ್ಛತೆ ಮುಖ್ಯವಲ್ಲವೇ" ಎನ್ನಬಹುದು. ವಿನಯ ಪಿಟಕ ತೆರೆದು ನೋಡಿ. ಚುಲ್ಲವಗ್ಗದ ವತ್ತಕ್ಖಂಧಕದಲ್ಲಿ ಬೇರೆ ಊರಿನ ವಿಹಾರಕ್ಕೆ ಬಂದ ಭಿಕ್ಷು ಏನು ಮಾಡಬೇಕು ಎಂಬ ಪಟ್ಟಿಯೇ ಇದೆ. ಕೋಣೆ ಕೊಳೆಯಾಗಿದ್ದರೆ, ಕೈಲಾದರೆ, ಬಂದವನೇ ಗುಡಿಸಬೇಕು. ಹಾಸಿಗೆ ದಿಂಬು ಹೊರಗೆ ತಂದು ಬಿಸಿಲಿಗೆ ಹಾಕಿ, ಕೊಡವಿ, ಮೊದಲಿನ ಹಾಗೆಯೇ ಮತ್ತೆ ಹಾಸಬೇಕು. ಮಂಚವನ್ನು ಬಾಗಿಲಿಗೆ, ಚೌಕಟ್ಟಿಗೆ ತಾಗದ ಹಾಗೆ ತಗ್ಗಿಸಿ ಸಾಗಿಸಬೇಕು. ಜೇಡರ ಬಲೆಯನ್ನು ಮೇಲಿನಿಂದ ಶುರುಮಾಡಿ ತೆಗೆಯಬೇಕು. ಧೂಳೇಳದ ಹಾಗೆ ನೆಲಕ್ಕೆ ನೀರು ಚಿಮುಕಿಸಿ ಗುಡಿಸಬೇಕು. ಯಾವ ದಿಕ್ಕಿನಿಂದ ಧೂಳಿನ ಗಾಳಿ ಬಂದರೆ ಆ ದಿಕ್ಕಿನ ಕಿಟಕಿ ಮುಚ್ಚಬೇಕು. ಇದನ್ನು ಓದಿದಾಗ ನನಗೆ ನಮ್ಮ ಅತ್ತೆಯೇ ಎದುರಿಗೆ ನಿಂತು ಹೇಳಿಕೊಟ್ಟಂತೆ ಅನಿಸಿತ್ತು. ಮಂತ್ರವಿಲ್ಲ, ಗೋಮೂತ್ರವಿಲ್ಲ, ಮುಟ್ಟಬಾರದವರು ಯಾರೂ ಇಲ್ಲ. ಇರುವುದು ಬಿಸಿಲು, ನೀರು, ಪೊರಕೆ, ಗಾಳಿ.

ಮನೆಯಿಂದ ಬೆಡ್‌ಶೀಟು ಒಯ್ಯುವ ತಂಗಿಗೂ ವಿನಯದಲ್ಲಿ ಆಧಾರವಿದೆ. ಕೂರಲು ನಿಸೀದನ ಎಂಬ ಬಟ್ಟೆಗೆ, ಮಲಗಲು ಹಾಸಿಕೊಳ್ಳುವ ಹಚ್ಚಡಕ್ಕೆ ಬುದ್ಧರು ಅನುಮತಿ ಕೊಟ್ಟರು. ಕಾರಣ ಮೂರು: ಮೈಯ ರಕ್ಷಣೆ, ಚೀವರದ ರಕ್ಷಣೆ, ಸೇನಾಸನದ ರಕ್ಷಣೆ. ಸೇನಾಸನ ಎಂದರೆ ಆ ಮಂಚ, ಆ ಹಾಸಿಗೆ, ಆ ಕೋಣೆ. ಅಂದರೆ ಹಾಸಿಗೆಯಿಂದ ನಮ್ಮನ್ನು ಕಾಪಾಡಿಕೊಳ್ಳುವುದಷ್ಟೇ ಅಲ್ಲ, ನಮ್ಮಿಂದ ಹಾಸಿಗೆಯನ್ನೂ ಕಾಪಾಡಬೇಕು. ಮಕ್ಕಳನ್ನು ಕಾಪು ಕಡಲತೀರಕ್ಕೆ ಕರೆದುಕೊಂಡು ಹೋದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1901ರ ಆ ದೀಪಸ್ತಂಭದ ಕೆಳಗೆ ಬಂಡೆ ಹತ್ತಿ, ಅಲೆಗೆ ಮೈಯೊಡ್ಡಿ, ಜೇಬಿನ ತುಂಬ ಮರಳು ತುಂಬಿಕೊಂಡು ಬಂದ ಮಗು ನೇರ ಹಾರುವುದು ಲಾಡ್ಜಿನ ಬಿಳಿ ಹೊದಿಕೆಯ ಮೇಲೆ!

ಈಗ ಸ್ವಲ್ಪ ಪ್ರಾಯೋಗಿಕವಾಗಿ ಮಾತಾಡೋಣ. ಮಜ್ಝಿಮ ನಿಕಾಯದ ಸಬ್ಬಾಸವ ಸುತ್ತದಲ್ಲಿ ಮನಸ್ಸನ್ನು ಕೆಡಿಸುವ ಆಸವಗಳನ್ನು ಕಳೆಯಲು ಏಳು ದಾರಿ ಹೇಳಿದೆ. ಕೆಲವನ್ನು ಸಹಿಸಿ ಕಳೆಯಬೇಕು, ಕೆಲವನ್ನು ದೂರವಿಟ್ಟು, ಕೆಲವನ್ನು ಸರಿಯಾಗಿ ಬಳಸಿ, ಕೆಲವನ್ನು ಮನಸ್ಸಿನಿಂದ ಹೊರದಬ್ಬಿ. ದೂರವಿಡಬೇಕಾದವುಗಳಲ್ಲಿ ಮದಿಸಿದ ಆನೆ, ಹಾವು, ಮುಳ್ಳುಪೊದೆಗಳ ಜೊತೆಗೆ ಕೊಚ್ಚೆಗುಂಡಿಯೂ ಇದೆ. ಗಲೀಜನ್ನು ಸಹಿಸಿಕೊಳ್ಳುವುದು ಸಾಧನೆ ಎಂದು ಬುದ್ಧರು ಹೇಳಲಿಲ್ಲ. ಕಲೆಯಾದ ಹೊದಿಕೆ ಇದ್ದರೆ ಬದಲಾಯಿಸಿ ಎಂದು ಕೇಳಬೇಕು. ತಿಗಣೆ ಇದ್ದರೆ ಕೋಣೆಯನ್ನೇ ಬದಲಾಯಿಸಬೇಕು.

ತಿಗಣೆ ನೋಡುವುದು ಹೀಗೆ. ಬ್ಯಾಗನ್ನು ಮಂಚದ ಮೇಲೆ ಇಡುವ ಮೊದಲೇ ಹೊದಿಕೆಯ ಮೂಲೆ ಎತ್ತಿ, ತಲೆದೆಸೆಯಲ್ಲಿ ಹಾಸಿಗೆಯ ಹೊಲಿಗೆ ಅಂಚಿಗೆ ಮೊಬೈಲ್ ಟಾರ್ಚ್ ಬಿಡಿ. ಪೆನ್ನಿನ ಮಸಿ ತಾಗಿದಂಥ ಕಪ್ಪು ಚುಕ್ಕೆ, ಕಂದು ಪೊರೆ ಕಂಡರೆ ಅಲ್ಲಿ ಇವೆ ಎಂದೇ ಅರ್ಥ. ಮಂಚದ ಹಲಗೆಯ ಸಂದು, ತಲೆದೆಸೆಯ ಮರದ ಹಿಂಭಾಗವನ್ನೂ ನೋಡಿ. ಐದು ನಿಮಿಷದ ಕೆಲಸ. ತಿಗಣೆ ಕಚ್ಚಿದರೆ ತುರಿಕೆ, ನಿದ್ದೆಗೇಡು ನಿಜ, ಆದರೆ ಸೊಳ್ಳೆಯ ಹಾಗೆ ಅದು ರೋಗ ಹರಡುವುದಿಲ್ಲ. ಊರಿಗೆ ಬಂದ ಮೇಲೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದರೆ ಸಾಕು. ಇನ್ನೊಂದು ಮಾತು, ಶ್ರೀಮಂತರ ಹೋಟೆಲಿನಲ್ಲೂ ತಿಗಣೆ ಇರುತ್ತದೆ. ಅದಕ್ಕೆ ಬೇಕಿರುವುದು ರಕ್ತ, ಜಾತಿ ಪ್ರಮಾಣಪತ್ರವಲ್ಲ.

ಸಹಿಸಬೇಕಾದದ್ದೂ ಇದೆ. ಕರಾವಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದೇ ಇಲ್ಲ. ಮೈಸೂರಿನ ಒಣಹವೆಯಿಂದ ಹೋದ ನಮಗೆ ಆ ಹೊದಿಕೆಯ ತೇವದ ವಾಸನೆ ಗಲೀಜು ಅನಿಸುತ್ತದೆ. ಹೆಚ್ಚಿನ ಸಲ ಅದು ಒಗೆದ ಹೊದಿಕೆಯೇ, ಬಿಸಿಲು ಕಾಣದ್ದು ಅಷ್ಟೆ. ಫ್ಯಾನ್ ಹಾಕಿ, ಕಿಟಕಿ ತೆರೆದು, ಒಂದು ಗಂಟೆ ಬಿಡಿ.

ಬಳಸುವ ವಿಷಯಕ್ಕೆ ಬಂದರೆ, ಕೋಣೆ ಇರುವುದು ಚಳಿ, ಸೆಕೆ, ಸೊಳ್ಳೆ, ಗಾಳಿ, ಹಾವು ಚೇಳುಗಳಿಂದ ರಕ್ಷಣೆಗೆ ಎಂದು ಅದೇ ಸುತ್ತ ಹೇಳುತ್ತದೆ. ಅಷ್ಟು ಸಿಕ್ಕಿದೆಯೇ ನೋಡಿ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿಯನ್ನು ನೋಡಿ ಬಂದು, ಕಾಲು ನೋಯುತ್ತಿದೆ ಎನ್ನುವ ಮಗುವಿಗೆ ಮಲಗಲು ಜಾಗ ಬೇಕು. ಮೊಬೈಲ್ ಹಿಡಿದು ಹತ್ತನೇ ಸಲ ರಿವ್ಯೂ ಓದುತ್ತಾ ಕೂತ ಅಮ್ಮ ಆ ಮಗುವಿಗೆ ಬೇಕಾಗಿಲ್ಲ.

ಹೊರದಬ್ಬಬೇಕಾದದ್ದು ಒಂದೇ: "ಎಂಥವರು ಮಲಗಿದ್ದರೋ" ಎಂಬ ಆ ಯೋಚನೆ. ಅಂಗುತ್ತರ ನಿಕಾಯದಲ್ಲಿ, ಚಳಿಗಾಲದಲ್ಲಿ ದನ ಓಡಾಡುವ ಹಾದಿಯ ಮೇಲೆ ಎಲೆ ಹಾಸಿಕೊಂಡು ಮಲಗಿದ ಬುದ್ಧರು ಚೆನ್ನಾಗಿ ನಿದ್ದೆ ಬಂತು ಎಂದು ಹತ್ಥಕನಿಗೆ ಹೇಳುವ ಪ್ರಸಂಗವಿದೆ. ಅದು ನಮ್ಮ ಮನಸ್ಸಿಗೆ ನಾವು ಹೇಳಿಕೊಳ್ಳಬೇಕಾದ ಕಥೆ. ದುಡ್ಡು ತೆಗೆದುಕೊಂಡು ಕಲೆಯಾದ ಹೊದಿಕೆ ಕೊಟ್ಟವರು ನಮಗೆ ಹೇಳುವ ಕಥೆಯಲ್ಲ.

ಇನ್ನು ನಮ್ಮ ಅತ್ತೆಯ ವಿಷಯ. ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ನಾವೂ ಹೋಗಿದ್ದೆವು. ಮಣಿಪಾಲದ ಒಂದು ಲಾಡ್ಜಿನಲ್ಲಿ ಎರಡು ರಾತ್ರಿ. ಹೊದಿಕೆಯ ಮೇಲೆ ಸಾರಿನ ಕಲೆ ಇತ್ತು. ನಾನು ರಿಸೆಪ್ಷನ್‌ಗೆ ಫೋನ್ ಮಾಡಲು ಹೋದರೆ ಅತ್ತೆ ಕೈ ಹಿಡಿದರು: "ಬ್ಯಾಡ ಕಣವ್ವ. ಮಗ್ಗುಲು ಮಗಚಿ ಹಾಕ್ಕೊಂಡ್ರಾಯ್ತು. ಯಾರು ಏನು ಅಂತ ವಿಚಾರ್ಸಕ್ ಶುರು ಮಾಡ್ತಾರೆ." ನಾನು ಫೋನ್ ಮಾಡಿದೆ, ಹತ್ತು ನಿಮಿಷದಲ್ಲಿ ಬೇರೆ ಹೊದಿಕೆ ಬಂತು, ಯಾರೂ ಏನೂ ವಿಚಾರಿಸಲಿಲ್ಲ. ಆದರೂ ಅತ್ತೆ ನೆಮ್ಮದಿಯಾಗಲಿಲ್ಲ. ಹೊರಡುವ ಬೆಳಿಗ್ಗೆ ಐದಕ್ಕೇ ಎದ್ದು ಬಚ್ಚಲು ಉಜ್ಜಿದರು, ಹೊದಿಕೆ ಮಡಚಿದರು, ಕಸದ ಬುಟ್ಟಿ ತೊಳೆದರು. "ನಾವ್ ಹೋದ್ಮೇಲೆ ಇಂಥೋರು ಬಂದಿದ್ರು ಅಂತ ಒಂದ್ ಮಾತು ಆಡ್ಬಾರ್ದು" ಎಂದರು. ಹೋಟೆಲಿನ ಸೂರಿನಲ್ಲಿ ಬೇರೆಯಾಗಿ ಸಿಕ್ಕಿಸಿಟ್ಟ ಲೋಟದಲ್ಲಿ ಕಾಫಿ ಕುಡಿದು, ಅದನ್ನು ತಾವೇ ತೊಳೆದಿಟ್ಟು ಬಂದ ತಲೆಮಾರು ಅವರದ್ದು. ನನ್ನ ಚಿಂತೆ ಹಾಸಿಗೆ ಕೊಳೆಯಾಗಿದೆ ಎಂದು. ಅವರ ಚಿಂತೆ ನಮ್ಮನ್ನು ಕೊಳೆ ಎಂದಾರು ಎಂದು.

ವಿನಯದ ಗಮಿಕ ವತ್ತದಲ್ಲೂ ಹೊರಡುವ ಭಿಕ್ಷು ಸಾಮಾನು ಒಪ್ಪವಾಗಿಟ್ಟು, ಬಾಗಿಲು ಕಿಟಕಿ ಮುಚ್ಚಿ, ಅಲ್ಲಿರುವವರಿಗೆ ಹೇಳಿ ಹೋಗಬೇಕೆಂದಿದೆ. ಕೆಲಸ ಅದೇ. ಆದರೆ ಭಿಕ್ಷು ಅದನ್ನು ಮುಂದೆ ಬರುವವನಿಗಾಗಿ ಮಾಡುತ್ತಾನೆ. ಅತ್ತೆ ಹಿಂದಿನ ಭಯಕ್ಕಾಗಿ ಮಾಡಿದರು. ಆ ಪೊರಕೆಯನ್ನು ಅವರ ಕೈಯಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ, ಜೊತೆಗೆ ನಿಂತು ಮಡಚಿದೆ. ಮಗಳಿಗೆ ಮಾತ್ರ ಹೇಳಿದೆ, "ಮುಂದೆ ಬರೋರಿಗೆ ಚೆನ್ನಾಗಿರಲಿ ಅಂತ ಕಣೇ."

ಈ ಭಯ ಎಲ್ಲಿಂದ ಬಂತೆಂದು ತಿಳಿಯಲು ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿ. ವಿದೇಶದಲ್ಲಿ ಓದಿ 1917ರಲ್ಲಿ ಮರಳಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ತಂಗಲು ಜಾಗವಿರಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದರು. ಮಹಡಿಯ ಮೇಲೆ ಒಂದು ಸಣ್ಣ ಕೋಣೆ, ಪಕ್ಕದ ಹಜಾರದ ತುಂಬ ಮುರಿದ ಕುರ್ಚಿ, ಬೆಂಚು, ಕಸ, ರಾತ್ರಿ ಬಾವಲಿಗಳು. ವಿದ್ಯುತ್ ದೀಪವೂ ಇಲ್ಲ. ಆ ಗಲೀಜನ್ನಾದರೂ ಸಹಿಸಿಕೊಂಡರು. ಹನ್ನೊಂದನೇ ದಿನ ಕೋಲು ಹಿಡಿದು ಬಂದವರು ಹೇಳಿದ್ದು, ವಸತಿಗೃಹವನ್ನು ಮೈಲಿಗೆ ಮಾಡಿದೆ ಎಂದು. ಕಸ, ಬಾವಲಿ ತುಂಬಿದ ಕಟ್ಟಡ ಮೈಲಿಗೆಯಾಗಿರಲಿಲ್ಲ, ಪುಸ್ತಕ ಓದುತ್ತಿದ್ದ ಮನುಷ್ಯನಿಂದ ಆಯಿತಂತೆ! ಇಂದು ಕೌಂಟರಿನಲ್ಲಿ ಆಧಾರ್ ಕಾರ್ಡ್ ಕೊಟ್ಟು, ಅವರು ಹೆಸರು ಓದುವಾಗ ಒಂದು ಕ್ಷಣ ಉಸಿರು ಬಿಗಿಹಿಡಿಯುವ ನಮ್ಮವರು ಇನ್ನೂ ಇದ್ದಾರೆ.

ಸಂವಿಧಾನದ 15ನೇ ವಿಧಿ ಹೋಟೆಲುಗಳನ್ನು ಹೆಸರಿಸಿಯೇ ಹೇಳಿರುವುದು ಸುಮ್ಮನೆ ಅಲ್ಲ. 1955ರ ಕಾಯ್ದೆ, ಈಗಿನ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಇನ್ನೂ ಮುಂದೆ ಹೋಗಿ ಹೋಟೆಲು, ಧರ್ಮಶಾಲೆ, ಮುಸಾಫಿರ್‌ಖಾನೆಗಳಲ್ಲಿ ಸಾರ್ವಜನಿಕರಿಗೆ ಇಟ್ಟ ಪಾತ್ರೆ ಮತ್ತಿತರ ವಸ್ತುಗಳ ಬಳಕೆಗೆ ಅಸ್ಪೃಶ್ಯತೆಯ ಹೆಸರಿನಲ್ಲಿ ಅಡ್ಡಿಪಡಿಸುವುದನ್ನು ಅಪರಾಧ ಮಾಡಿದೆ. ಮಂಚ, ಹಾಸಿಗೆ, ದಿಂಬು ಎಲ್ಲ ಅದರಲ್ಲಿ ಬಂತು. ಒಳ್ಳೆಯ ಹೊದಿಕೆ ಕೇಳುವುದು ಜಂಬವಲ್ಲ, ಅದಕ್ಕೆ ದುಡ್ಡು ಕೊಟ್ಟಿದ್ದೇವೆ.

ಉಡುಪಿಯ ಮಾತು ಬಂದಾಗ ಇನ್ನೊಂದನ್ನು ಬಿಡುವಂತಿಲ್ಲ. ಉಡುಪಿ ಹೋಟೆಲ್ ಎಂದರೆ ಶುಚಿ ರುಚಿ ಎಂದು ದೇಶವೆಲ್ಲ ಹೆಸರು. ಅದೇ ಕರಾವಳಿಯಲ್ಲಿ ಕೊರಗ ಸಮುದಾಯದವರಿಗೆ ಅಜಲು ಎಂಬ ಪದ್ಧತಿಯಿತ್ತು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಕೇಡನ್ನು ಅವರಿಗೆ ದಾಟಿಸುತ್ತಿದ್ದರು. ಅದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಪ್ರತ್ಯೇಕ ಕಾಯ್ದೆ ತಂದದ್ದು 2000ದಲ್ಲಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು 1970ರ ದಶಕದಲ್ಲಿ ನಮ್ಮ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. ಒಬ್ಬರ ಶುದ್ಧಿಗೆ ಇನ್ನೊಬ್ಬರು ಕೊಳೆ ಹೊರಬೇಕು, ಹೊತ್ತವರೇ ಕೊಳೆ ಅನ್ನಿಸಿಕೊಳ್ಳಬೇಕು, ಇದೇ ಮಡಿಯ ಲೆಕ್ಕ.

ಆದ್ದರಿಂದ ಲಾಡ್ಜಿನಲ್ಲಿ ಹೊದಿಕೆ ಬದಲಾಯಿಸಲು ಬರುವ ಹೆಂಗಸನ್ನು ನೋಡಿ. ಉಡುಪಿ, ಮಣಿಪಾಲದಲ್ಲಿ ಅವರಲ್ಲಿ ಎಷ್ಟೋ ಜನ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು. ನಮಗೆ ಹೊದಿಕೆ ತಂದವರೂ ಹಾಗೇ. ಅತ್ತೆ ಅವರನ್ನು ಕೂರಿಸಿ ಚಕ್ಕುಲಿ ಕೊಟ್ಟರು. "ಕುಂದ್ರಾಕ ಟೈಮಿಲ್ರೀ ಅವ್ವಾರ, ಇನ್ನೂ ಒಂಬತ್ತು ರೂಮ್ ಅದಾವು" ಎಂದು ನಿಂತೇ ತಿಂದರು. ಕಲೆಗೆ ಕಾರಣ ಬಹುಪಾಲು ಆ ಲೆಕ್ಕವೇ. ಒಬ್ಬರಿಗೆ ಅಷ್ಟು ಕೋಣೆ ಕೊಟ್ಟರೆ ಯಾವ ಮೂಲೆ ನೋಡಲು ಸಾಧ್ಯ? ದೂರು ಹೇಳುವುದಾದರೆ ಮ್ಯಾನೇಜರಿಗೆ ಹೇಳಿ, ಹೊದಿಕೆಯ ಬಗ್ಗೆ ಹೇಳಿ, ಆಕೆಯ ಬಗ್ಗೆ ಅಲ್ಲ. ರಿವ್ಯೂ ಬರೆಯುವಾಗ ಕೆಲಸದವರ ಹೆಸರು ಹಾಕಿ ಬೈಯಬೇಡಿ, ಅವರ ಸಂಬಳಕ್ಕೆ ಕುತ್ತು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕಸ ಗುಡಿಸುತ್ತಿದ್ದ ಸುನೀತನ ಪ್ರಸಂಗವನ್ನು ಸೇರಿಸಿದ್ದಾರೆ. ಬುದ್ಧರು ಬರುವುದನ್ನು ಕಂಡು ಗೋಡೆಗೆ ಅಂಟಿ ನಿಂತವನ ಬಳಿಗೆ ಬುದ್ಧರೇ ನಡೆದು ಹೋಗುತ್ತಾರೆ.

ಒಬ್ಬ ತಮ್ಮ ಗ್ರೂಪಿನಲ್ಲಿ ಕೇಳಿದ್ದಾನೆ: ತಿಗಣೆ ಕೊಂದರೆ ಮೊದಲನೇ ಶೀಲ ಮುರಿಯುತ್ತದೆಯೇ? ಅದೇ ಗ್ರಂಥದ ಅಹಿಂಸೆಯ ಭಾಗದಲ್ಲಿ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಎಂಬ ಚರ್ಚೆಯಿದೆ. ಈ ಭಾನುವಾರ ಅದನ್ನೂ ಸುನೀತನ ಪ್ರಸಂಗವನ್ನೂ ಓದೋಣ. ಪುಸ್ತಕ ಇದ್ದವರು ತನ್ನಿ. ಪ್ರವಾಸ ಹೋಗುವವರು ಒಂದು ಹಚ್ಚಡ, ಒಂದು ಟಾರ್ಚು ಇಟ್ಟುಕೊಳ್ಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್.